ಮೈಲುತುತ್ತ ತರಲು ಹೋದಾಗ

ಮಳೆ ಹಿಡಿಯುವ ಮುಂಚೆ ಶಿವಮೊಗ್ಗ ಪೇಟೆಯ ಆ ಹಳೇ ಬೀಜ-ಗೊಬ್ಬರದ ಅಂಗಡಿಗೆ ಹೋಗಿಬಂದೆ. ಅಪ್ಪನ ಕಾಲದಿಂದ ನಮ್ಮ ತೋಟದ ಸಾಮಾನೆಲ್ಲ ಅಲ್ಲೇ. ಹೊಸದಾಗಿ ತೋಟ ನೋಡಿಕೊಳ್ಳುತ್ತಿರುವ ಹುಡುಗನೊಬ್ಬ, ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಬೆರೆಸಿ ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣದ ಅಳತೆ ಕೇಳಿದ. ಅಂಗಡಿಯ ಹಿರಿಯರು ತೂಕ ಅಲ್ಲಿಗೇ ನಿಲ್ಲಿಸಿ ಅವನ ಕಡೆ ತಿರುಗಿದರು.

“100 ಲೀಟರ್ ನೀರಿಗೆ ತುತ್ತ 1 ಕೆಜಿ, ಸುಣ್ಣ 1 ಕೆಜಿ. ಬೇರೆ ಬೇರೆ ಕರಗಿಸ್ಬೇಕು, ಕಬ್ಬಿಣದ ಪಾತ್ರೆ ಬೇಡ. ಕೊನೆಗೆ ಕತ್ತಿ ಅದ್ದಿ ನೋಡು ಮಾರಾಯ, ಕೆಂಪು ಹತ್ತಿದ್ರೆ ಸುಣ್ಣ ಸಾಲ್ದು ಅಂತ.”

ಹಿಂದೆ ನಿಂತವರು ಯಾರೂ ಅವಸರ ಮಾಡಲಿಲ್ಲ. ಕೊಳೆರೋಗಕ್ಕೆ ಅಡಿಕೆ ಉದುರುವುದನ್ನು ಕಂಡವರೇ ಎಲ್ಲ. ಮೊಬೈಲಲ್ಲಿ ಒತ್ತಿದರೆ ತುತ್ತ ಮನೆಬಾಗಿಲಿಗೇ ಬರುತ್ತದೆ, ನಿಜ. ನನಗೆ ಮಾತ್ರ ಇಲ್ಲಿ ನಿಂತು ಕೇಳಿಯೇ ತರಬೇಕು. ಮೆಣಸಿನ ಬಳ್ಳಿಯ ಸೊರಗು ರೋಗಕ್ಕೂ ವಿಚಾರಿಸಿದೆ. ಎಲೆಗೆ ಇದೇ ಬೋರ್ಡೋ ಹೊಡೆಯಬಹುದಂತೆ.