ಮೂಡಣದಿಂದ ಬರುವ ಮಳೆ

ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆಯವರಿಗೆ ಮಳೆಯ ದಿಕ್ಕನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮೋಡ ಪಡುವಣ ಕಡಲಿನಿಂದ ಎದ್ದು ಘಟ್ಟದ ಅಂಚಿಗೆ ಬಡಿಯುತ್ತದೆ, ಅಲ್ಲಿ ಸುರಿದು ಮೂಡಣಕ್ಕೆ ಸರಿದಂತೆಲ್ಲ ಬರಿದಾಗುತ್ತದೆ, ಕಡೂರು ಅರಸೀಕೆರೆಗಳನ್ನು ಮುಟ್ಟುವ ಹೊತ್ತಿಗೆ ರಾಗಿ, ತೆಂಗು ಮತ್ತು ಕೆರೆನೀರಿನ ಸೀಮೆ ಶುರುವಾಗಿರುತ್ತದೆ. ನಾನೀಗ ನೆಲೆಸಿರುವ ರೀಯೂನಿಯನ್ ದ್ವೀಪದಲ್ಲಿ ಈ ಕ್ರಮ ಪೂರ್ತಿ ತಿರುವುಮುರುವಾಗಿದೆ. ಇಲ್ಲಿ ಮಳೆ ಬರುವುದು ಮೂಡಣದಿಂದ. ಪಡುವಣ ಕರಾವಳಿಯೇ ಬಿಸಿಲು ಸೀಮೆ. ಊರಿನಿಂದ ಫೋನ್ ಮಾಡುವವರೆಲ್ಲ ಕ್ಷೇಮಸಮಾಚಾರವಾದ ಕೂಡಲೇ ಕೇಳುವುದು ಮಳೆಯ ವಿಷಯವನ್ನೇ ಆದ್ದರಿಂದ, ಈ ನೆಲದ ಮತ್ತು ಹವೆಯ ಬಗ್ಗೆ ಒಮ್ಮೆ ಸಾವಧಾನವಾಗಿ ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ರೀಯೂನಿಯನ್ ಇರುವುದು ಹಿಂದೂ ಮಹಾಸಾಗರದಲ್ಲಿ, ಭೂಮಧ್ಯರೇಖೆಯಿಂದ ಸುಮಾರು 21 ಡಿಗ್ರಿ ದಕ್ಷಿಣಕ್ಕೆ, ಮಾರಿಷಸ್‌ನಿಂದ ಸುಮಾರು 200 ಕಿ.ಮೀ. ನೈಋತ್ಯಕ್ಕೆ. ಆಡಳಿತ ಫ್ರಾನ್ಸ್ ದೇಶದ್ದು. ವಿಸ್ತೀರ್ಣ ಸುಮಾರು 2,500 ಚದರ ಕಿ.ಮೀ., ಅಂದರೆ ನಮ್ಮ ಚಿಕ್ಕಮಗಳೂರು ಜಿಲ್ಲೆಯ ಮೂರನೆಯ ಒಂದು ಪಾಲು. ಅಷ್ಟು ಸಣ್ಣ ನೆಲದ ಮೇಲೆ 3,070 ಮೀಟರ್ ಎತ್ತರದ ಪಿಟೋನ್ ದೆ ನೇಜ್ ಶಿಖರ ನಿಂತಿದೆ. ಕರ್ನಾಟಕದ ಅತಿ ಎತ್ತರದ ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್. ಅದನ್ನು ಮುಟ್ಟಲು ಕಡಲಿನಿಂದ ಮೊದಲು ಘಟ್ಟ ಹತ್ತಿ, ಅನಂತರ ಮಲೆನಾಡಿನ ಏರಿಳಿತಗಳನ್ನು ದಾಟಿ ಬರಬೇಕು. ಇಲ್ಲಿ ಕಡಲತೀರದಿಂದ ಶಿಖರಕ್ಕೆ ನೇರ ಅಳತೆಯಲ್ಲಿ ಇಪ್ಪತ್ತು ಕಿ.ಮೀ. ಚಿಲ್ಲರೆ ದೂರವಷ್ಟೆ. ನೀರಿನ ಕೆಳಗೆ ಇರುವುದನ್ನೂ ಸೇರಿಸಿ, ಸಾಗರದ ತಳದಿಂದ ಅಳೆದರೆ ಇದು ಸುಮಾರು ಏಳು ಕಿ.ಮೀ. ಎತ್ತರದ ಒಂದೇ ಬೆಟ್ಟ. ನಾವು ವಾಸಿಸುತ್ತಿರುವುದು ನೀರಿನಿಂದ ಮೇಲೆದ್ದಿರುವ ಅದರ ತುದಿಯ ಮೇಲೆ.

ಹೀಗೆ ಕಡಲಿನ ನಡುವೆ ಒಂಟಿಯಾಗಿ ಎದ್ದುನಿಂತ ಬೆಟ್ಟಕ್ಕೆ ವರ್ಷದ ಬಹುಪಾಲು ಆಗ್ನೇಯ ವಾಣಿಜ್ಯ ಮಾರುತಗಳು ಬೀಸುತ್ತವೆ. ಸಾವಿರಾರು ಕಿ.ಮೀ. ಬೆಚ್ಚನೆಯ ನೀರಿನ ಮೇಲೆ ಹಾದು ಬಂದ ಆ ಗಾಳಿ ತೇವದಿಂದ ಭಾರವಾಗಿ ದ್ವೀಪದ ಪೂರ್ವದ ಇಳಿಜಾರನ್ನು ಏರಬೇಕಾಗುತ್ತದೆ. ಏರಿದಂತೆ ತಣಿದು ಮಳೆಯಾಗುತ್ತದೆ. ಸೇಂಟ್ ರೋಸ್ ಪಟ್ಟಣದ ಮೇಲಿನ ಇಳಿಜಾರುಗಳಲ್ಲಿ ವರ್ಷಕ್ಕೆ 10,000 ಮಿ.ಮೀ.ಗೂ ಹೆಚ್ಚು ಮಳೆಯಾಗುವ ಜಾಗಗಳಿವೆ. ನಮ್ಮ ತೋಟದವರ ಲೆಕ್ಕದಲ್ಲಿ ಹೇಳುವುದಾದರೆ ನಾನೂರು ಇಂಚಿನ ಆಸುಪಾಸು. ಬೆಟ್ಟದ ನೆತ್ತಿ ದಾಟಿ ಆಚೆಗಿಳಿದರೆ ಪಡುವಣ ಕರಾವಳಿಯ ಕೆಲವೆಡೆ ವರ್ಷಕ್ಕೆ ಇಪ್ಪತ್ತು ಇಪ್ಪತ್ತೈದು ಇಂಚು ಬಂದರೆ ಹೆಚ್ಚು. ಅಲ್ಲಿ ಒಣ ಹುಲ್ಲು, ಮುಳ್ಳುಗಿಡ, ಹೊಳೆಯ ಹೆಸರು ಹೊತ್ತ ಬರೀ ಕಲ್ಲಿನ ಹಾದಿ. ನಮ್ಮಲ್ಲಿ ಆಗುಂಬೆಯಿಂದ ಕಡೂರಿಗೆ ಬರುವ ನಡುವೆ ಆಗುವ ಬದಲಾವಣೆ ಇಲ್ಲಿ ಅದರ ಅರ್ಧ ದೂರದಲ್ಲೇ, ಅದಕ್ಕಿಂತ ಹೆಚ್ಚು ತೀವ್ರವಾಗಿ ಮುಗಿದುಹೋಗುತ್ತದೆ. ಹವಳದ ದಂಡೆಗಳಿರುವುದೂ ಈ ಒಣ ಪಡುವಣದಲ್ಲೇ. ಪೂರ್ವದಲ್ಲಿ ಹೊಳೆಗಳು ತರುವ ಸಿಹಿನೀರು, ಹೂಳು ಮತ್ತು ಕಡಿದಾದ ಹೊಸ ಕಲ್ಲಿನ ದಡ ಹವಳಕ್ಕೆ ಒಗ್ಗುವುದಿಲ್ಲ. ಆದ್ದರಿಂದ ಬಿಳಿ ಮರಳು ಬೇಕಾದವರು ಪಡುವಣಕ್ಕೆ ಹೋಗಬೇಕು; ಬೇರೆ ಕಡೆಯ ದಡಗಳಲ್ಲಿ ಕಪ್ಪು ಕಲ್ಲು, ಕಪ್ಪು ಮರಳು.

ದಿನದ ಹವೆಗೂ ಒಂದು ಕಟ್ಟುಪಾಡಿದೆ. ಬೆಳಗಿನ ಜಾವ ಶಿಖರಗಳೆಲ್ಲ ತೊಳೆದಿಟ್ಟಷ್ಟು ಸ್ಪಷ್ಟ. ಬಿಸಿಲೇರಿ ನೆಲ ಕಾದ ಮೇಲೆ ಕಡಲಗಾಳಿ ಇಳಿಜಾರು ಹತ್ತತೊಡಗುತ್ತದೆ, ಹತ್ತು ಗಂಟೆಯ ಹೊತ್ತಿಗೆ ಬೆಟ್ಟದ ಸೊಂಟದ ಸುತ್ತ ಮೋಡ ಕಟ್ಟುತ್ತದೆ. ಆದರೆ ಆ ಮೋಡ ಮೇಲಕ್ಕೆ ಬೆಳೆಯುತ್ತಾ ಹೋಗುವುದಿಲ್ಲ. ಸುಮಾರು ಎರಡು ಸಾವಿರ ಮೀಟರಿನ ಎತ್ತರದಲ್ಲಿ ಕೆಳಗಿನ ತಂಪು ಗಾಳಿಯ ಮೇಲೆ ಬೆಚ್ಚಗಿನ ಒಣಗಾಳಿಯ ಒಂದು ಪದರ ಕೂತಿರುತ್ತದೆ. ಅದು ಮೋಡವನ್ನು ಅಲ್ಲಿಗೇ ತಡೆಯುತ್ತದೆ. ಹೀಗಾಗಿ ನಡುಬೆಟ್ಟದ ಹಳ್ಳಿಗಳು ಮಧ್ಯಾಹ್ನವಿಡೀ ಮಂಜಿನಲ್ಲಿ ಮುಳುಗಿರುವಾಗಲೂ ತುತ್ತತುದಿಯಲ್ಲಿ ಬಿಸಿಲು ಹೊಡೆಯುತ್ತಿರುತ್ತದೆ. ಜುಲೈ, ಆಗಸ್ಟ್‌ನ ರಾತ್ರಿಗಳಲ್ಲಿ ಮೇಲಿನ ಹುಲ್ಲುಗಾವಲುಗಳಲ್ಲಿ ಇಬ್ಬನಿ ಹೆಪ್ಪುಗಟ್ಟುವುದುಂಟು. ಉಷ್ಣವಲಯದ ದ್ವೀಪವೆಂದು ತೆಳು ಅಂಗಿಯಲ್ಲಿ ಬೆಟ್ಟಕ್ಕೆ ಹೊರಡುವ ನೆಂಟರಿಗೆ ನಾನು ಸ್ವೆಟರು ಹೊರಿಸಿಯೇ ಕಳಿಸುತ್ತೇನೆ.

ಜೂನ್ ತಿಂಗಳು ಇಲ್ಲಿ ತಂಪುಗಾಲ, ಮಳೆ ಕಡಿಮೆ, ಗಾಳಿ ಹೆಚ್ಚು. ಇದೇ ಗಾಳಿಯ ಮುಂದಿನ ಕಥೆ ನಮ್ಮೂರಿಗೆ ಸೇರಿದ್ದು. ಈ ದ್ವೀಪದ ದಕ್ಷಿಣಕ್ಕೆ ಸಾಗರದ ಮೇಲೆ ಗಾಳಿಯ ಒತ್ತಡ ಹೆಚ್ಚಿರುವ ವಿಶಾಲ ಪ್ರದೇಶವೊಂದಿದೆ. ಹವಾಮಾನ ಶಾಸ್ತ್ರದಲ್ಲಿ ಅದಕ್ಕೆ ಮಸ್ಕರೀನ್ ಅಧಿಕ ಒತ್ತಡವೆಂದು ಹೆಸರು. ಅಲ್ಲಿಂದ ಉತ್ತರಕ್ಕೆ ಹೊರಡುವ ಮಾರುತಗಳು ಈ ದ್ವೀಪಗಳನ್ನು ಸವರಿಕೊಂಡು ಹೋಗಿ, ಆಫ್ರಿಕಾದ ಪೂರ್ವ ಕರಾವಳಿಯ ಬಳಿ ಭೂಮಧ್ಯರೇಖೆಯನ್ನು ದಾಟಿ, ಭೂಮಿಯ ತಿರುಗುವಿಕೆಯಿಂದಾಗಿ ಬಲಕ್ಕೆ ಹೊರಳಿ, ಅರಬ್ಬೀ ಸಮುದ್ರದ ಮೇಲೆ ನೈಋತ್ಯ ಮುಂಗಾರಾಗುತ್ತವೆ. ಇಲ್ಲಿ ಮೂಡಣದಿಂದ ಬೀಸಿದ ಗಾಳಿಯೇ ಅಲ್ಲಿ ಪಡುವಣದಿಂದ ಬಂದು ಚಾರ್ಮಾಡಿ, ಶಿರಾಡಿ, ಬಿಸಿಲೆ ಘಟ್ಟಗಳಿಗೆ ಬಡಿಯುತ್ತದೆ. ಇದನ್ನು ದೊಡ್ಡಪ್ಪನಿಗೆ ವಿವರಿಸಿದಂದಿನಿಂದ ಅವರು ಜೂನ್ ಬಂತೆಂದರೆ ಫೋನ್ ಮಾಡಿ ಮೊದಲು ವಿಚಾರಿಸುವುದು ಅದನ್ನೇ.

“ಗಾಳಿ ಎದ್ದಿದೆಯೇನೋ ಅಲ್ಲಿ?”

“ಎದ್ದಿದೆ ದೊಡ್ಡಪ್ಪ, ನಿನ್ನೆಯಿಂದ ಕಿಟಕಿ ತೆರೆಯೋಕೆ ಆಗ್ತಿಲ್ಲ.”

“ಹಾಗಾದ್ರೆ ಇಲ್ಲಿಗೂ ಬರ್ತದೆ ಬಿಡು.”

ಲೆಕ್ಕ ಅಷ್ಟು ನೇರವಾಗಿಲ್ಲ, ಮುಂಗಾರಿನ ಜೋರನ್ನು ನಿರ್ಧರಿಸುವ ಸಂಗತಿಗಳು ಇನ್ನೂ ಹಲವಿವೆ. ಆದರೂ ಮುಂಗಾರನ್ನು ಅಭ್ಯಾಸ ಮಾಡುವವರು ಮಸ್ಕರೀನ್ ಒತ್ತಡದ ಏರಿಳಿತದ ಮೇಲೆ ಕಣ್ಣಿಟ್ಟಿರುತ್ತಾರೆ ಎಂಬುದು ನಿಜ. ದೊಡ್ಡಪ್ಪನ ಮಾತಿನಲ್ಲಿ ತಥ್ಯವಿದೆ.

ನವೆಂಬರ್‌ನಿಂದ ಏಪ್ರಿಲ್‌ವರೆಗಿನ ಸೆಕೆಗಾಲ ಚಂಡಮಾರುತದ ಕಾಲವೂ ಹೌದು. ಮಳೆಯ ವಿಷಯದಲ್ಲಿ ಮಲೆನಾಡಿನವನಾದ ನಾನು ತಲೆಬಾಗುವುದು ಇಲ್ಲಿಗೆ. ಊರಿನ ನಮ್ಮ ಮನೆಯ ಅಂಗಳದಲ್ಲಿ ಮಳೆಮಾಪಕವಿದೆ. ಬೆಳಗ್ಗೆ ಎದ್ದು ಅದರ ನೀರನ್ನು ಗಾಜಿನ ಅಳತೆಗೆ ಸುರಿದು, ಇಂಚು ಮತ್ತು ಸೆಂಟುಗಳಲ್ಲಿ (ಸೆಂಟೆಂದರೆ ಇಂಚಿನ ನೂರನೆಯ ಒಂದು ಪಾಲು) ಪುಸ್ತಕಕ್ಕೆ ಬರೆದಿಡುವ ರೂಢಿ ಅಜ್ಜನ ಕಾಲದಿಂದ ಬಂದದ್ದು. ದಿನಕ್ಕೆ ಎಂಟು ಇಂಚು ಬಂದರೆ ಅಕ್ಕಪಕ್ಕದ ತೋಟಗಳಿಗೆಲ್ಲ ಫೋನ್ ಹೋಗುತ್ತದೆ. 1966ರ ಜನವರಿಯಲ್ಲಿ ಡೆನೀಸ್ ಎಂಬ ಚಂಡಮಾರುತ ಬಂದಾಗ ಈ ದ್ವೀಪದ ಫಾಕ್-ಫಾಕ್ ಎಂಬಲ್ಲಿ 24 ಗಂಟೆಯಲ್ಲಿ 1,825 ಮಿ.ಮೀ. ಮಳೆ ದಾಖಲಾಯಿತು. ಸುಮಾರು 72 ಇಂಚು, ಒಂದೇ ದಿನದಲ್ಲಿ! 2007ರ ಫೆಬ್ರವರಿಯ ಗಮೇದ್ ಚಂಡಮಾರುತದಲ್ಲಿ ಕಮೆರ್ಸೋನ್ ಕುಳಿಯ ಬಳಿ ನಾಲ್ಕು ದಿನಕ್ಕೆ ಸುಮಾರು 4,900 ಮಿ.ಮೀ., ಅಂದರೆ 190 ಇಂಚಿಗೂ ಮೇಲೆ. ವಿಶ್ವ ಹವಾಮಾನ ಸಂಸ್ಥೆಯ ದಾಖಲೆ ಪಟ್ಟಿಯಲ್ಲಿ ಇವೆರಡೂ ಜಗತ್ತಿನ ಅತಿ ಹೆಚ್ಚಿನವು. ಚಂಡಮಾರುತದ ಮೋಡಗಳ ರಾಶಿಯನ್ನು ಮೂರು ಸಾವಿರ ಮೀಟರಿನ ಬೆಟ್ಟ ಎದುರಾಗಿ ನಿಂತು ಮೇಲಕ್ಕೆ ತಳ್ಳುವುದರಿಂದ ಇಷ್ಟು ನೀರು ಹಿಂಡಿ ಬೀಳುತ್ತದೆ. ಇದೇ ಚಂಡಮಾರುತ ಬಯಲು ದ್ವೀಪವೊಂದರ ಮೇಲೆ ಹಾದುಹೋಗಿದ್ದರೆ ಇಷ್ಟು ಮಳೆ ಸುರಿಯುತ್ತಿರಲಿಲ್ಲ.

ಎಚ್ಚರಿಕೆಯ ವ್ಯವಸ್ಥೆ ಕಟ್ಟುನಿಟ್ಟು. ಹಳದಿ, ಕಿತ್ತಳೆ, ಕೆಂಪು, ನೇರಳೆ ಎಂದು ಮಟ್ಟಗಳು. ಕಿತ್ತಳೆಗೆ ಶಾಲೆ ಮುಚ್ಚುತ್ತದೆ, ಕೆಂಪಾದ ಮೇಲೆ ಯಾರೂ ಮನೆಯಿಂದ ಹೊರಬರುವಂತಿಲ್ಲ. 2024ರ ಜನವರಿಯಲ್ಲಿ ಬೆಲಾಲ್, 2025ರ ಫೆಬ್ರವರಿಯಲ್ಲಿ ಗರಾನ್ಸ್ ಬಂದಾಗ ನೇರಳೆಯವರೆಗೂ ಹೋಯಿತು. ಗಾಳಿ ನಿಂತ ಮೇಲೂ ಕಷ್ಟ ಮುಗಿಯುವುದಿಲ್ಲ. ಹಳ್ಳಗಳಿಂದ ಕುಡಿಯುವ ನೀರು ಎತ್ತುವ ಜಾಗಗಳಲ್ಲಿ ಕೆಸರು ತುಂಬಿ, ಇಷ್ಟು ಮಳೆ ಬಂದ ಊರಿನಲ್ಲೇ ನಲ್ಲಿಗಳು ಒಣಗಿ ಕೂರುತ್ತವೆ.

ಇಂಥ ಮಳೆ ಲಕ್ಷಾಂತರ ವರ್ಷ ಕೊರೆದು ಮಾಡಿದ್ದೇ ದ್ವೀಪದ ನಡುವಿನ ಮೂರು ಮಹಾಗುಂಡಿಗಳು: ಸಲಾಜಿ, ಸಿಲಾವೋಸ್, ಮಫಾತ್. ಪಿಟೋನ್ ದೆ ನೇಜ್ ಹಳೆಯ ಜ್ವಾಲಾಮುಖಿ, ಅದು ಕೊನೆಯದಾಗಿ ಉಗುಳಿ ಸುಮಾರು 12,000 ವರ್ಷಗಳಾಗಿವೆ. ಅದರ ಮೈ ಕುಸಿದು, ನೀರು ಕೊರೆದು, ಸಾವಿರ ಮೀಟರ್ ಎತ್ತರದ ಗೋಡೆಗಳ ನಡುವೆ ಈ ಕಣಿವೆಗಳಾಗಿವೆ. 2010ರಲ್ಲಿ ಇವು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಮಫಾತ್‌ಗೆ ಇವತ್ತಿಗೂ ರಸ್ತೆ ಇಲ್ಲ. ನಡೆದು ಹೋಗಬೇಕು, ಸಾಮಾನು ಹೆಲಿಕಾಪ್ಟರಿನಲ್ಲಿ ಬರಬೇಕು. ಒಂದು ಕಾಲಕ್ಕೆ ತೋಟಗಳ ಜೀತದಿಂದ ತಪ್ಪಿಸಿಕೊಂಡ ಗುಲಾಮರು ಬದುಕು ಕಟ್ಟಿಕೊಂಡ ಕಣಿವೆ ಅದು. ಗುಡ್ಡ ಕುಸಿಯುವುದು ಇಲ್ಲಿ ವಿಶೇಷವೇನಲ್ಲ, 1875ರಲ್ಲಿ ಸಲಾಜಿಯ ಒಂದು ಹಳ್ಳಿಯೇ ಮಣ್ಣಿನಡಿ ಹೋಯಿತು. 2019ರ ಆಗಸ್ಟಿನಲ್ಲಿ ಮೂಡಿಗೆರೆಯ ಮಲೆಮನೆ, ಮಧುಗುಂಡಿಗಳಲ್ಲಿ ಆದದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಎತ್ತಿನಹೊಳೆಯ ಬಗ್ಗೆ ನಮ್ಮಲ್ಲಿ ನಡೆಯುವ ಚರ್ಚೆ ನೆನಪಾಗುವ ಯೋಜನೆಯೊಂದು ಇಲ್ಲೂ ಇದೆ. ಮಳೆಸೀಮೆಯ ಸಲಾಜಿ ಮತ್ತು ಮಫಾತ್‌ಗಳ ನೀರನ್ನು ಬೆಟ್ಟದೊಳಗಿನ ಸುರಂಗಗಳ ಮೂಲಕ ಒಣ ಪಡುವಣದ ಕಬ್ಬಿನ ಗದ್ದೆಗಳಿಗೆ ಸಾಗಿಸುತ್ತಾರೆ. 1980ರ ದಶಕದ ಕೊನೆಯಲ್ಲಿ ಶುರುವಾದ ಕೆಲಸ ಮುಗಿಯಲು ಎರಡು ದಶಕಕ್ಕೂ ಹೆಚ್ಚು ಹಿಡಿಯಿತು. ಕೊರೆಯುವಾಗ ಕಲ್ಲಿನೊಳಗಿಂದ ನೀರು ನುಗ್ಗಿ ಕೆಲಸ ಪದೇಪದೇ ನಿಂತಿತ್ತು. ಜ್ವಾಲಾಮುಖಿಯ ಕಲ್ಲು ಹಾಗೆ, ಬಿರುಕುಗಳಿಂದ ತುಂಬಿ ನೀರನ್ನು ಹೀರಿಕೊಂಡಿರುತ್ತದೆ.

ಆಗ್ನೇಯ ಮೂಲೆಯಲ್ಲಿರುವುದು ಕಿರಿಯ ಜ್ವಾಲಾಮುಖಿ, 2,632 ಮೀಟರ್ ಎತ್ತರದ ಪಿಟೋನ್ ದ ಲಾ ಫೂರ್ನೇಜ್. ಜಗತ್ತಿನ ಅತ್ಯಂತ ಚುರುಕಾದ ಜ್ವಾಲಾಮುಖಿಗಳಲ್ಲಿ ಇದೂ ಒಂದು. ಸರಾಸರಿ ವರ್ಷಕ್ಕೊಮ್ಮೆಯಾದರೂ ಉಕ್ಕುತ್ತದೆ. ಬಹುಪಾಲು ಲಾವಾ ಜನವಸತಿಯಿಲ್ಲದ ಕುದುರೆಲಾಳದ ಆಕಾರದ ತಗ್ಗಿನೊಳಗೇ ಹರಿದು ಕಡಲಿನತ್ತ ಇಳಿಯುವುದರಿಂದ ಜನ ಹೆದರದೆ ಬದುಕಿದ್ದಾರೆ. 1977ರಲ್ಲಿ ಅದು ತಗ್ಗಿನ ಹೊರಗೆ ಬಾಯಿ ತೆರೆದು ಪಿಟೋನ್ ಸೇಂಟ್ ರೋಸ್ ಹಳ್ಳಿಯ ಮನೆಗಳನ್ನು ನುಂಗಿತು, ಚರ್ಚಿನ ಬಾಗಿಲವರೆಗೆ ಬಂದು ಎರಡೂ ಪಕ್ಕದಲ್ಲಿ ಹರಿದುಹೋಯಿತು. ಅದಾದ ಎರಡು ವರ್ಷಕ್ಕೆ ಜ್ವಾಲಾಮುಖಿಯ ವೀಕ್ಷಣಾಲಯ ಸ್ಥಾಪನೆಯಾಯಿತು. 2007ರ ಏಪ್ರಿಲಿನ ಸ್ಫೋಟ ಇನ್ನೂ ದೊಡ್ಡದು: ಶಿಖರದ ಡೊಲೊಮ್ಯೂ ಕುಳಿಯ ತಳ ಮುನ್ನೂರು ಮೀಟರಿಗೂ ಆಳಕ್ಕೆ ಕುಸಿಯಿತು, ಲಾವಾ ಕರಾವಳಿಯ ಹೆದ್ದಾರಿಯನ್ನು ಮುಚ್ಚಿ ಕಡಲಿಗಿಳಿದು ದ್ವೀಪಕ್ಕೆ ಹೊಸ ನೆಲವನ್ನೇ ಸೇರಿಸಿತು.

ಆ ಹೆದ್ದಾರಿಯನ್ನು ಮತ್ತೆ ಲಾವಾದ ಮೇಲೆಯೇ ಹಾಸಿದ್ದಾರೆ. ಅಲ್ಲಿ ಇಳಿದು ಒಂದು ಕಲ್ಲನ್ನು ಕೈಗೆತ್ತಿಕೊಂಡರೆ ಕಪ್ಪು ಮೈಯೊಳಗೆ ಸಾಸಿವೆಗಿಂತ ತುಸು ದಪ್ಪನೆಯ ಹಸಿರು ಹರಳುಗಳು ಹೊಳೆಯುತ್ತವೆ. ಅದು ಒಲಿವಿನ್ ಖನಿಜ, ಭೂಮಿಯ ಬಹಳ ಆಳದಿಂದ ಬಂದದ್ದು. ಕಲ್ಲಿನ ಮೇಲೆ ಬೂದು ಬಣ್ಣದ ಕಲ್ಲುಹೂ ಮೊದಲು ಹಿಡಿಯುತ್ತದೆ. ಅದು ಕೂಡಿಟ್ಟ ಧೂಳು ಮತ್ತು ತೇವದಲ್ಲಿ, ಬಿರುಕುಗಳೊಳಗೆ ಜರಿಗಿಡ ಬೇರೂರುತ್ತದೆ. ಅದರ ನಂತರ ಸಣ್ಣ ಪೊದೆಗಳು. ಹತ್ತಿರದಲ್ಲೇ ಹಳೆಯ ಲಾವಾ ಹರಿವುಗಳ ಮೇಲೆ ಕಾಡು ಬೆಳೆದಿರುವುದನ್ನು ನೋಡಿದಾಗ, ವರ್ಷಗಳ ಲೆಕ್ಕ ಹಾಕುತ್ತಾ ಒಂದು ಪಟ್ಟಿಯಿಂದ ಇನ್ನೊಂದಕ್ಕೆ ನಡೆಯಬಹುದು. ಇದೇ ಸಾಲು ಒಣ ಪಡುವಣದಲ್ಲಿದ್ದಿದ್ದರೆ ಇಷ್ಟು ಬೇಗ ಹಸಿರಾಗುತ್ತಿರಲಿಲ್ಲ. ಲಾವಾದ ಮೇಲೆ ಕಾಡನ್ನು ಎಬ್ಬಿಸುವುದು ಮೂಡಣದ ಮಳೆಯೇ.

ಚಿಕ್ಕಮಗಳೂರಿನವರಿಗೆ ಲಾವಾ ದೂರದ ವಸ್ತುವೆಂದು ಅನ್ನಿಸಬಹುದು. ಆದರೆ ಬಾಬಾಬುಡನ್ ಗಿರಿಯ ಶ್ರೇಣಿಯಲ್ಲೂ ಹಳೆಯ ಲಾವಾ ಹರಿವುಗಳಿವೆ, 250 ಕೋಟಿ ವರ್ಷಕ್ಕೂ ಹಳೆಯವು. ಭೂವಿಜ್ಞಾನಿಗಳು ಆ ಶಿಲಾಪದರಗಳಿಗೆ ಕಳಸಾಪುರ, ಸಂತವೇರಿ, ಮುಳ್ಳಯ್ಯನಗಿರಿ ಎಂದು ನಮ್ಮ ಊರುಗಳ ಹೆಸರನ್ನೇ ಇಟ್ಟಿದ್ದಾರೆ. ಅದಕ್ಕೂ ಈ ದ್ವೀಪಕ್ಕೂ ಸಂಬಂಧವಿಲ್ಲ. ಸಂಬಂಧವಿರುವುದು ನಮ್ಮ ರಾಜ್ಯದ ಉತ್ತರ ಭಾಗಕ್ಕೆ. ಈ ಜ್ವಾಲಾಮುಖಿಗೆ ಕೆಳಗಿನಿಂದ ಶಾಖ ಒದಗಿಸುತ್ತಿರುವ ಬಿಸಿ ಶಿಲೆಯ ಬುಗ್ಗೆ ಭೂಮಿಯ ಆಳದಲ್ಲಿ ಹೆಚ್ಚುಕಡಿಮೆ ಒಂದೇ ಕಡೆ ನಿಂತಿದೆ. ಅದರ ಮೇಲೆ ಭೂಫಲಕಗಳು ಸರಿಯುತ್ತಿವೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಅದರ ಮೇಲಿದ್ದದ್ದು ಭಾರತ. ಆಗ ಉಕ್ಕಿ ಹರಿದದ್ದೇ ದಖ್ಖನ್ನಿನ ಲಾವಾ ಎಂಬುದು ಭೂವಿಜ್ಞಾನಿಗಳಲ್ಲಿ ಬಹುಮಟ್ಟಿಗೆ ಒಪ್ಪಿತವಾದ ವಿವರಣೆ. ಭಾರತ ಉತ್ತರಕ್ಕೆ ಸರಿದಂತೆ ಲಕ್ಷದ್ವೀಪ, ಮಾಲ್ಡೀವ್ಸ್, ಮಾರಿಷಸ್ ಎಂದು ಅದರ ಜಾಡು ಕಡಲಿನಲ್ಲಿ ಉಳಿಯಿತು. ವಿಜಯಪುರ, ಕಲಬುರಗಿಯ ಎರೆಭೂಮಿಯಲ್ಲಿ ಜೋಳ ಬೆಳೆಯುತ್ತಿರುವ ಮಣ್ಣೂ ನನ್ನ ಮನೆಯ ಮೂಡಣಕ್ಕೆ ಈಗಲೂ ಉಕ್ಕುತ್ತಿರುವ ಕಲ್ಲೂ ಒಂದೇ ಮೂಲದವು ಎಂದು ತಿಳಿದ ದಿನ ನನಗಾದ ಸಂತೋಷ ಸಣ್ಣದಲ್ಲ.

ಕಾಫಿಯ ವಿಷಯ ಬಿಟ್ಟರೆ ಊರಿನವರು ಸುಮ್ಮನಿರುವುದಿಲ್ಲ. 1715ರಲ್ಲಿ, ಈ ದ್ವೀಪ ಬೋರ್ಬನ್ ಎಂಬ ಹೆಸರಿನಲ್ಲಿದ್ದಾಗ, ಯೆಮೆನ್‌ನಿಂದಲೇ ಕಾಫಿ ಗಿಡ ಇಲ್ಲಿಗೆ ಬಂತು. ಬೋರ್ಬನ್ ತಳಿಯ ಹೆಸರು ಉಳಿದದ್ದು ಹೀಗೆ. ತೋಟಗಳು ಚೆನ್ನಾಗಿಯೇ ಬಂದವು. ಆದರೆ 1806, 1807ರ ಚಂಡಮಾರುತಗಳು ಅವುಗಳನ್ನು ನೆಲಸಮ ಮಾಡಿದವು. ಕಾಫಿ ಗಿಡ ಮುರಿದರೆ ಮತ್ತೆ ಫಸಲಿಗೆ ಬರಲು ವರ್ಷಗಳು ಬೇಕು. ಕಬ್ಬು ಗಾಳಿಗೆ ಮಲಗಿದರೂ ಕೂಳೆಯಿಂದ ಮತ್ತೆ ಚಿಗುರುತ್ತದೆ. ದ್ವೀಪದ ಕರಾವಳಿಯನ್ನು ಇಂದು ಕಬ್ಬು ಆಳುತ್ತಿರುವುದಕ್ಕೆ ಇದೊಂದು ಮುಖ್ಯ ಕಾರಣ. ಈಗ ಬೋರ್ಬನ್ ಪ್ವಾಂತು ಎಂಬ ಮೊನಚು ಬೀಜದ, ಕೆಫೀನ್ ಕಡಿಮೆಯಿರುವ ತಳಿಯನ್ನು ಸಣ್ಣ ಪ್ರಮಾಣದಲ್ಲಿ ಮತ್ತೆ ಬೆಳೆಯುತ್ತಿದ್ದಾರೆ.

ವೆನಿಲ್ಲಾ ಮಾತ್ರ ಮಳೆಸೀಮೆಯನ್ನೇ ಹಿಡಿದಿದೆ. ಸೇಂಟ್ ಫಿಲಿಪ್‌ನ ಹಳೆಯ ಲಾವಾದ ಮೇಲಿನ ಕಾಡಿನ ನೆರಳಿನಲ್ಲಿ ಅದರ ಬಳ್ಳಿ ಹಬ್ಬುತ್ತದೆ. 2000ದ ಆಸುಪಾಸಿನಲ್ಲಿ ಬೆಲೆ ಏರಿದಾಗ ನಮ್ಮ ಮಲೆನಾಡಿನ ತೋಟಗಳಲ್ಲಿ ಬೆಳಗ್ಗೆ ಬೆಳಗ್ಗೆ ಕಡ್ಡಿ ಹಿಡಿದು ಹೂವಿಗೆ ಪರಾಗ ಮುಟ್ಟಿಸುತ್ತಿದ್ದದ್ದು ಅನೇಕರಿಗೆ ನೆನಪಿರಬಹುದು. ಆ ವಿಧಾನವನ್ನು 1841ರಲ್ಲಿ ಕಂಡುಹಿಡಿದದ್ದು ಇದೇ ದ್ವೀಪದ ಸೇಂಟ್ ಸೂಜಾನ್‌ನಲ್ಲಿ ಗುಲಾಮನಾಗಿದ್ದ ಹನ್ನೆರಡು ವರ್ಷದ ಹುಡುಗ ಎಡ್ಮಂಡ್ ಆಲ್ಬಿಯಸ್. ಇಲ್ಲಿ ವೆನಿಲ್ಲಾ ಹೂ ಬಿಡುವುದು ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ, ತಂಪುಗಾಲ ಮುಗಿದು ಚಂಡಮಾರುತದ ಕಾಲ ಬಲಿಯುವ ನಡುವಿನ ತಿಂಗಳುಗಳಲ್ಲಿ. ಒಂದೊಂದು ಹೂವೂ ಅರಳಿರುವುದು ಒಂದೇ ಬೆಳಗು. ಆದ್ದರಿಂದ ಆ ತಿಂಗಳುಗಳಲ್ಲಿ ಸೇಂಟ್ ಫಿಲಿಪ್‌ನ ರೈತರು ಹತ್ತು ಗಂಟೆಯ ಮೋಡ ಕಟ್ಟುವ ಮೊದಲೇ ಬಳ್ಳಿಗಳ ನಡುವೆ ಇರುತ್ತಾರೆ.