ಕಲ್ಯಾಣಿಯಂಥ ಸ್ಟೇಡಿಯಂ

ಕಾಲೇಜು ಮುಗಿಸಿ ನಾನು ಎಂ.ಎಸ್. ಓದಲು ಹೋಗಿದ್ದು ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯಕ್ಕೆ. 1997ರ ಮಾತು. ಆ್ಯನ್ ಆರ್ಬರ್ ಊರಿನಲ್ಲಿ ಶನಿವಾರ ಬಂತೆಂದರೆ ಫುಟ್‌ಬಾಲ್. ನಮ್ಮ ಕಾಲ್ಚೆಂಡಲ್ಲ, ಮೊಟ್ಟೆಯಾಕಾರದ ಚೆಂಡನ್ನು ಅವಚಿಕೊಂಡು ಓಡುವ ಆಟ. 1879ರಿಂದ ಆಡುತ್ತಿದ್ದಾರೆ.

ಆಗ ಹೊರಗಿನಿಂದ ನೋಡಿದರೆ ಸ್ಟೇಡಿಯಂ ಅಷ್ಟೇನೂ ಎತ್ತರವಿರಲಿಲ್ಲ. ಒಳಗೆ ಹೋದರೆ ಮಾತ್ರ ಎದೆ ಝಲ್ಲೆನ್ನುತ್ತಿತ್ತು! 1927ರಲ್ಲಿ ನೆಲ ಅಗೆದು ಕಟ್ಟಿದ್ದು. ಮೇಲುಕೋಟೆ ಕಲ್ಯಾಣಿಯ ಮೆಟ್ಟಿಲುಗಳ ಮೇಲೆ ಲಕ್ಷ ಜನ ಕೂತಂತೆ.

ನವೆಂಬರ್ 22ರಂದು ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಜೊತೆ ಪಂದ್ಯ. ಮೈ ಕೊರೆಯುವ ಚಳಿ. ಒರಗೋಕೆ ಏನೂ ಇಲ್ಲದ ಬೆಂಚು, ತೊಡೆಗೆ ತೊಡೆ ತಾಗಿಸಿ ಕೂರಬೇಕು. ಪಕ್ಕದಲ್ಲಿ ಒಬ್ಬ ಅಜ್ಜ. ಫ್ಲಾಸ್ಕಿನ ಮುಚ್ಚಳದಲ್ಲೇ ನನಗೂ ಕಾಫಿ ಬಗ್ಗಿಸಿ ಕೊಟ್ಟರು. ಎದುರಾಳಿ ಒದ್ದ ಚೆಂಡು ಹಿಡಿದು ನಮ್ಮ ತಂಡದ ಚಾರ್ಲ್ಸ್ ವುಡ್ಸನ್ 78 ಗಜ ಓಡಿದಾಗ ಆ ಕಾಫಿಯೆಲ್ಲ ನನ್ನ ಕೈಗವಸಿನ ಮೇಲೆ. 20-14ರಿಂದ ಗೆದ್ದೆವು. ಆ ಸಲ ಹನ್ನೆರಡಕ್ಕೆ ಹನ್ನೆರಡೂ ಗೆದ್ದ ತಂಡ ನಮ್ಮದು.

ಆದರೆ ಅಜ್ಜ ನನಗೆ ಹೇಳಿದ್ದು 1934ರ ಕಥೆ. ಆಗ ಅವರಿನ್ನೂ ಹುಡುಗ. ತಂಡದಲ್ಲಿ ವಿಲಿಸ್ ವಾರ್ಡ್ ಎಂಬ ಕಪ್ಪು ಆಟಗಾರ ಇದ್ದರು. ಅವರು ಆಡಿದರೆ ನಾವು ಕಣಕ್ಕಿಳಿಯಲ್ಲ ಎಂದಿತು ದಕ್ಷಿಣದ ಜಾರ್ಜಿಯಾ ಟೆಕ್ ಕಾಲೇಜಿನ ತಂಡ. ವಿದ್ಯಾರ್ಥಿಗಳು ಸಹಿ ಸಂಗ್ರಹಿಸಿದರು, ಸಭೆ ಸೇರಿ ಕೂಗಾಡಿದರು. ಆದರೂ ವಾರ್ಡ್‌ರನ್ನು ಆಡಿಸಲಿಲ್ಲ. ಮಿಶಿಗನ್ 9-2ರಿಂದ ಗೆದ್ದಿತು. ಆ ಇಡೀ ವರ್ಷ ಎಂಟರಲ್ಲಿ ಗೆದ್ದದ್ದು ಅದೊಂದೇ ಪಂದ್ಯ. ಅದನ್ನೂ ಗೆಲುವು ಅಂತ ಬರೆದುಕೊಂಡಿದ್ದಾರೆ ನೋಡು, ಎಂದರು ಅಜ್ಜ. ನನಗೆ ಮಾತೇ ಹೊರಡಲಿಲ್ಲ.

ಹೊರ ಊರಿನ ಪಂದ್ಯಗಳಿಗೆ ಹೋದಾಗ ವಾರ್ಡ್ ಜೊತೆ ಒಂದೇ ಕೋಣೆಯಲ್ಲಿ ಇರುತ್ತಿದ್ದವರು ಜೆರಾಲ್ಡ್ ಫೋರ್ಡ್. ಮುಂದೆ 1974ರಲ್ಲಿ ಅಮೆರಿಕದ ಅಧ್ಯಕ್ಷರಾದರಲ್ವಾ, ಅವರೇ. ಇದೇ ಸಿಟ್ಟಿಗೆ ಆಟವನ್ನೇ ಬಿಡಲು ಯೋಚಿಸಿದ್ದರಂತೆ. 1999ರಲ್ಲಿ ಅವರು ವಾರ್ಡ್ ಬಗ್ಗೆ ಪತ್ರಿಕೆಯಲ್ಲಿ ಬರೆದರು. ಲೈಬ್ರರಿಯಲ್ಲಿ ನಿಂತುಕೊಂಡೇ ಓದಿದೆ. ಅಜ್ಜನ ದನಿ ಕೇಳಿದಂತಾಯಿತು.

ಆ ವಿಶ್ವವಿದ್ಯಾಲಯದ ತಂಡ 2023ರಲ್ಲಿ ಸಾವಿರದ ಗೆಲುವು ಕಂಡಿತು. ಅಲ್ಲಿ ಇಷ್ಟು ಗೆದ್ದ ಮೊದಲ ಕಾಲೇಜು ತಂಡ ಅದು. ಸುದ್ದಿ ಓದಿ ಖುಷಿಯಾಯಿತು, ಸುಳ್ಳು ಹೇಳಲಾರೆ. ಆದರೆ ಆ ಸಾವಿರದೊಳಗೆ 9-2 ಕೂಡ ಇದೆ.

ವಾರ್ಡ್ ಮುಂದೆ ನ್ಯಾಯಾಧೀಶರಾದರು. 2012ರಲ್ಲಿ ಮಿಶಿಗನ್ ಶಾಸನಸಭೆ ಅಕ್ಟೋಬರ್ 20ನ್ನು ವಿಲಿಸ್ ವಾರ್ಡ್ ದಿನ ಎಂದು ಘೋಷಿಸಿತು. ಅವರನ್ನು ಹೊರಗಿಟ್ಟ ದಿನವೇ ಅದು. ಅವರು ತೀರಿಕೊಂಡು ಆಗಲೇ ಹತ್ತಿರ ಹತ್ತಿರ 29 ವರ್ಷವಾಗಿತ್ತು.