ಆ ಮಳೇಲಿ ಇಡೀ ದಿನ ಏನ್ ಮಾಡ್ತೀಯ?

ಬೆಂಗಳೂರು ಬಿಟ್ಟು ಊರಿಗೆ ಬಂದಾಗಿನಿಂದ ಈ ಪ್ರಶ್ನೆ ಕೇಳದೆ ಯಾರೂ ಫೋನ್ ಇಟ್ಟಿಲ್ಲ. ಹಳೆ ಆಫೀಸಿನವರು, ಬಾಡಿಗೆ ಮನೆಯ ಓನರ್ ಆಂಟಿ, ಹಾಸ್ಟೆಲ್ಲಿನ ಗೆಳತಿಯರು, ಕೊನೆಗೆ ಪೇಟೆಯ ಬ್ಯಾಂಕಿಗೆ ಹೊಸದಾಗಿ ವರ್ಗವಾಗಿ ಬಂದ ಬಯಲುಸೀಮೆಯ ಹುಡುಗ ಕೂಡ. ಜನವರಿಯಲ್ಲಿ ಕೇಳುವವರ ದನಿಯಲ್ಲಿ ಸ್ವಲ್ಪ ಹೊಟ್ಟೆಕಿಚ್ಚಿರುತ್ತದೆ. ಜುಲೈಯಲ್ಲಿ ಬರೀ ಕನಿಕರ. "ಆ ಮಳೇಲಿ ಇಡೀ ದಿನ ಏನ್ ಮಾಡ್ತೀಯ ಮಾರಾಯ್ತಿ?" ಒಬ್ಬೊಬ್ಬರಿಗೆ ಒಂದೊಂದು ಹೇಳಿ ನನಗೂ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆಲ್ಲ ಇದನ್ನೇ ಕಳಿಸುವುದು ಅಂತ ಕೂತು ಬರೆಯುತ್ತಿದ್ದೇನೆ.

ಒಂದೇ ಮಾತಿನಲ್ಲಿ ಹೇಳುವುದಾದರೆ, ಹೊಳ ಕಾಯ್ತೀನಿ.

ಹೊಳ ಅಂದರೆ ಮಳೆ ನಿಂತಿತು ಅಂತಲ್ಲ. ಜಡಿ ಹಿಡಿದ ಮಳೆ ನಡುವೆ ಒಂದಿಷ್ಟು ಬಿಡುವು ಕೊಡುತ್ತದಲ್ಲ, ಮೋಡ ತೆಳ್ಳಗಾಗಿ ಅಂಗಳ ಬೆಳ್ಳಗೆ ಕಾಣುತ್ತದಲ್ಲ, ಅದು. ಹತ್ತು ನಿಮಿಷದ್ದೂ ಇರಬಹುದು, ಅರ್ಧ ದಿನದ್ದೂ ಇರಬಹುದು, ಹೇಳಿ ಬರುವುದಿಲ್ಲ. "ಹೊಳವಾಯ್ತು!" ಅಂತ ಅಮ್ಮ ಜಗಲಿಯಿಂದ ಕೂಗಿದರೆ ಮನೆಯವರೆಲ್ಲ ಒಬ್ಬೊಬ್ಬರು ಒಂದೊಂದು ದಿಕ್ಕಿಗೆ. ಅಮ್ಮ ಹುಲ್ಲು ಕೊಯ್ಯಲು, ನಾನು ತೋಟದ ಬಸಿಗಾಲುವೆಗೆ ಅಡಿಕೆ ಮರದ ಸೋಗೆ ಬಿದ್ದು ನೀರು ಕಟ್ಟಿದೆಯಾ ನೋಡಲು, ತಮ್ಮ ಸ್ಕೂಟರ್ ಹತ್ತಿ ಪೇಟೆಗೆ. ಲ್ಯಾಪ್‌ಟಾಪಿನಲ್ಲಿ ಅರ್ಧ ಟೈಪ್ ಮಾಡಿದ ಈಮೇಲ್ ಹಾಗೇ ಇರುತ್ತದೆ. ಮಳೆ ಮತ್ತೆ ಹಿಡಿದ ಮೇಲೆ ಬಂದು ಮುಗಿಸಿದರಾಯಿತು, ಆಗ ಕರೆಂಟ್ ಇದ್ದರೆ.

ನಮ್ಮ ಮನೆ ಇರುವುದು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಿಕ್ಕಿನಲ್ಲಿ, ಮುಖ್ಯ ರಸ್ತೆಯಿಂದ ಒಳಗೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಏಳೂವರೆ ಸಾವಿರ ಮಿಲಿಮೀಟರ್ ಮಳೆ ಬೀಳುತ್ತದೆ. ಬೆಂಗಳೂರಿನದು ಒಂದು ಸಾವಿರದ ಆಸುಪಾಸು. ಈಚೆಗಿರುವ ನಮಗೆ ಆಗುಂಬೆಯಷ್ಟಿಲ್ಲ, ಆದರೂ ಜೂನ್ ಮುಗಿಯುವುದರೊಳಗೆ ಅಂಗಳಕ್ಕೆ ಪಾಚಿ ಕಟ್ಟಿ, ಜಾರಿ ಬೀಳದಿರಲು ಅಡಿಕೆ ಮರ ಸೀಳಿದ ದಬ್ಬೆ ಹಾಸಿಕೊಂಡು ಓಡಾಡುವಷ್ಟಿದೆ.

ಬಂದ ವರ್ಷ ನನಗೆ ಇದೆಲ್ಲ ಗೊತ್ತಿದೆ ಅನ್ನುವ ಧಿಮಾಕಿತ್ತು. ಹುಟ್ಟಿ ಬೆಳೆದ ಊರು, ಹದಿನಾಲ್ಕು ವರ್ಷ ಬೆಂಗಳೂರಲ್ಲಿದ್ದ ಮಾತ್ರಕ್ಕೆ ಮರೆತುಹೋಗುತ್ತದಾ? ಬಂದಿದ್ದು 2021ರ ದಸರಾ ಕಳೆದ ಮೇಲೆ. ಮಳೆಗಾಲ ಮುಗಿಯಿತು, ಇನ್ನು ಅಡಿಕೆ ಗೊನೆ ಕೊಯ್ಲು, ಬಿಸಿಲು, ಚಳಿ, ಬೇಯಿಸಿದ ಅಡಿಕೆಯ ಚೊಗರಿನ ವಾಸನೆ. ಎಲ್ಲ ನೆನಪಿನಲ್ಲಿದ್ದ ಹಾಗೇ ಇರುತ್ತದೆ ಅಂದುಕೊಂಡಿದ್ದೆ. ಆ ನವೆಂಬರ್ ರಾಜ್ಯದಲ್ಲಿ ಹೇಗೆ ಹೊಯ್ದಿತು ಅಂತ ರೈತರಿಗೆ ನೆನಪಿಸಬೇಕಾಗಿಲ್ಲ. ಸುಲಿದು ಬೇಯಿಸಿ ಚಪ್ಪರದ ಮೇಲೆ ಹರವಿದ ಅಡಿಕೆಯನ್ನು ದಿನಕ್ಕೆ ನಾಲ್ಕು ಸಲ ಬಾಚಿ ಒಳಗೆ ತಂದೆವು, ನಾಲ್ಕು ಸಲ ಹೊರಗೆ ಹರವಿದೆವು. ವಾರ ಕಳೆಯುವುದರೊಳಗೆ ಬೂಷ್ಟು. ಕೆಂಪಗೆ ಮಿನುಗಬೇಕಾದ ಅಡಿಕೆಯ ಮೇಲೆ ಬೂದಿ ಎರಚಿದ ಹಾಗೆ. ಅಮ್ಮ ಒಂದು ಹಿಡಿ ಎತ್ತಿ ಮೂಸಿ ನೋಡಿ ಏನೂ ಮಾತಾಡದೆ ಕೆಳಗಿಟ್ಟಳು. ಮುಂದಿನ ವರ್ಷವೇ ಸಾಲ ಮಾಡಿ ಚಪ್ಪರಕ್ಕೆ ಪ್ಲಾಸ್ಟಿಕ್ ಹೊದಿಸಿ ಪಾಲಿಹೌಸ್ ಮಾಡಿಸಿದೆವು. ಅಡಿಕೆ ಒಣಗಿಸುವುದಕ್ಕೆ ನವೆಂಬರ್‌ನಲ್ಲಿ ಸೂರು ಬೇಕಾಗುತ್ತದೆ ಅಂದರೆ ನನ್ನಜ್ಜ ನಗುತ್ತಿದ್ದರು.

ವಾಪಸು ಬಂದವರೆಲ್ಲ ಎಡವುವುದು ಇಲ್ಲಿಯೇ ಅಂತ ಕಾಣುತ್ತದೆ. ನಾವು ಬಿಟ್ಟುಹೋದ ಮಳೆಗಾಲಕ್ಕೆ ವಾಪಸು ಬರುತ್ತೇವೆ. ಅದು ಇಲ್ಲಿಲ್ಲ.

ಅಮ್ಮ ಈಗಲೂ ಜೂನ್, ಜುಲೈ ಅನ್ನುವುದಿಲ್ಲ. ರೋಹಿಣಿ, ಮೃಗಶಿರ, ಆರಿದ್ರೆ, ಪುನರ್ವಸು ಅಂತ ಮಳೆ ನಕ್ಷತ್ರಗಳಲ್ಲೇ ಲೆಕ್ಕ. ಒಂದೊಂದಕ್ಕೂ ಹದಿಮೂರು ಹದಿನಾಲ್ಕು ದಿನ. ಯಾವುದರಲ್ಲಿ ನೆಟ್ಟಿ, ಯಾವುದರಲ್ಲಿ ಮದ್ದು ಅಂತ ಅವಳ ತಲೆಯೊಳಗೆ ಒಂದು ಕ್ಯಾಲೆಂಡರ್ ಇದೆ, ಅದನ್ನು ಈಗೀಗ ಮಳೆ ಓದುತ್ತಿಲ್ಲ. 2023ರಲ್ಲಿ ಮುಂಗಾರು ಕೇರಳ ಮುಟ್ಟಿದ್ದೇ ಜೂನ್ 8ಕ್ಕೆ. ಆಗಸ್ಟಂತೂ ದೇಶದ ಲೆಕ್ಕದಲ್ಲಿ 1901ರಿಂದೀಚೆಗೆ ಅಷ್ಟು ಒಣಗಿದ ಆಗಸ್ಟ್ ಬಂದಿರಲಿಲ್ಲ. ಮಘೆ ಮಳೆಗೆ "ಬಂದರೆ ಮಘೆ, ಹೋದರೆ ಹೊಗೆ" ಅನ್ನುತ್ತಾರೆ. ಆ ವರ್ಷ ಹೊಗೆಯೇ. ಮಲೆನಾಡಿನಲ್ಲಿ, ಆಗಸ್ಟ್ ತಿಂಗಳಲ್ಲಿ, ತೋಟಕ್ಕೆ ನೀರು ಬಿಡಬೇಕಾ ಬೇಡವಾ ಅಂತ ಜಗಲಿಯಲ್ಲಿ ಕೂತು ಚರ್ಚೆ ಮಾಡಿದೆವು. ಆಮೇಲೆ 2025. ಮಾಮೂಲು ಜೂನ್ 1ರ ಹೊತ್ತಿಗೆ ಕೇರಳಕ್ಕೆ ಬರಬೇಕಾದ ಮುಂಗಾರು ಮೇ 24ಕ್ಕೇ ಬಂತು. ಹಪ್ಪಳ ಒಣಗಿರಲಿಲ್ಲ, ಕಟ್ಟಿಗೆ ಕೊಟ್ಟಿಗೆ ಸೇರಿರಲಿಲ್ಲ, ಮುಖ್ಯವಾಗಿ ಮೊದಲನೇ ಮದ್ದು ಹೊಡೆದಿರಲಿಲ್ಲ.

ಈ ಮದ್ದಿನ ವಿಷಯ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ನಾನು ಹೊಳ ಕಾಯುವುದು ಮುಖ್ಯವಾಗಿ ಇದಕ್ಕೇ. ಅಡಿಕೆಗೆ ಕೊಳೆ ಬರುತ್ತದೆ. ಬಿಡದೆ ಮಳೆ ಹಿಡಿದು ಗೊನೆ ಒದ್ದೆಯಾಗಿಯೇ ಇದ್ದರೆ ಎಳೆಗಾಯಿ ಕೊಳೆತು ಬುಡಕ್ಕೆ ಉದುರುತ್ತದೆ. ತಡೆಯಲಿಕ್ಕೆ ಬೋರ್ಡೋ ದ್ರಾವಣ. ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಮಳೆ ಹಿಡಿಯುವುದಕ್ಕಿಂತ ಮೊದಲು ಒಂದು ಸಲ, ನಲವತ್ತು ನಲವತ್ತೈದು ದಿನಕ್ಕೆ ಇನ್ನೊಂದು ಸಲ. ಕೇಳಲು ಸುಲಭ. ತೋಟದಲ್ಲಿ ಗೊನೆ ಸ್ವಲ್ಪವಾದರೂ ಆರಿರಬೇಕು, ಹೊಡೆದ ಮೇಲೆ ಮದ್ದು ಒಣಗಿ ಕಾಯಿಗೆ ಹಿಡಿಯಲು ನಾಲ್ಕೈದು ತಾಸಾದರೂ ಬೇಕು. ಕಲಸಿದ್ದನ್ನು ನಾಳೆಗೆ ಇಟ್ಟುಕೊಳ್ಳುವಂತಿಲ್ಲ. ಹೊಳವಾಗುತ್ತದೆ ಅಂತ ನಂಬಿ ಬೆಳಿಗ್ಗೆ ಡ್ರಮ್ ತುಂಬಿಸಿ, ಹತ್ತು ಗಂಟೆಗೆ ಮಳೆ ಹಿಡಿದರೆ ಅಷ್ಟೂ ಚರಂಡಿಗೆ.

ನಾನು ಮೊದಲ ಸಲ ಮದ್ದು ಕಲಸಿದ ದಿನ ಕೆಳಮನೆ ದೊಡ್ಡಪ್ಪ ಬಂದು ನಿಂತಿದ್ದರು. ನಾನು ಯೂಟ್ಯೂಬ್ ನೋಡಿ ಸಿದ್ಧವಾಗಿದ್ದೆ, ಆದರೆ ಅವಸರದಲ್ಲಿ ತುತ್ತಿನ ನೀರಿಗೆ ಸುಣ್ಣದ ನೀರು ಸುರಿದೆ. ಸುರಿಯಬೇಕಾದದ್ದು ಉಲ್ಟಾ, ಸುಣ್ಣಕ್ಕೆ ತುತ್ತು. ಮೊಸರಿನಂತೆ ನುಣ್ಣಗಿರಬೇಕಾದ ಮದ್ದು ಒಡೆದ ಹಾಲಿನ ಹಾಗೆ ತರಿತರಿಯಾಗಿ ತಳ ಸೇರಿತು. ದೊಡ್ಡಪ್ಪ ಬೈಯಲಿಲ್ಲ. ಸೊಂಟದಿಂದ ಕತ್ತಿ ತೆಗೆದು, ಅಲಗನ್ನು ಸೋಗೆ ದಿಂಡಿಗೆ ಉಜ್ಜಿ ಬೆಳ್ಳಗೆ ಮಾಡಿ, ಡ್ರಮ್ಮಿಗೆ ಅದ್ದಿ ಹಿಡಿದರು. ಎತ್ತಿದಾಗ ಅಲಗಿನ ತುದಿ ತಾಮ್ರದ ಬಣ್ಣಕ್ಕೆ ತಿರುಗಿತ್ತು.

"ನೋಡು, ಕೆಂಪಗಾಯ್ತಲ್ಲ? ಸುಣ್ಣ ಸಾಲ. ಇದನ್ನ ಹೊಡೆದ್ರೆ ಕೊಳೆಗಿಂತ ಮೊದಲು ಮದ್ದೇ ಕಾಯಿ ಸುಡುತ್ತೆ."

ಆ ಡ್ರಮ್ ಚೆಲ್ಲಿದೆವು. ಎರಡನೇದು ಸರಿಯಾಗಿ ಬಂತು. ತಿಳಿನೀಲಿ, ಅಲಗು ಬೆಳ್ಳಗೆ ಹಾಗೇ ಇತ್ತು. ಮೊದಲೆಲ್ಲ ಮರ ಹತ್ತುವ ಕೊನೆಗಾರ ಬೇಕಿತ್ತು. ಹತ್ತುವವರು ಈಗ ಸಿಗುವುದೇ ಇಲ್ಲ. ಕಾರ್ಬನ್ ಫೈಬರ್ ದೋಟಿ, ಅಂದರೆ ಉದ್ದನೆ ಗಳ, ತಂದು ಹುಡುಗರು ನೆಲದಲ್ಲೇ ನಿಂತು, ಕತ್ತು ನೋಯುವವರೆಗೂ ಮೇಲೆ ನೋಡುತ್ತ ಹೊಡೆಯುತ್ತಾರೆ. ಅವರಿಗೂ ಒಂದೇ ಹೊಳದಲ್ಲಿ ಹತ್ತು ಮನೆಯಿಂದ ಫೋನು. "ಅಕ್ಕಾ, ನಾಳೆ ಬರ್ತೀವಿ, ಹೊಳ ಇದ್ರೆ." ಇಲ್ಲಿ ಎಲ್ಲ ಮಾತಿಗೂ ಆ ಬಾಲ ಇದ್ದೇ ಇರುತ್ತದೆ. ಮದುವೆ ಕರೆಯಲು ಬರುವವರೂ ಹಾಗೇ ಹೇಳಿ ಹೋಗುತ್ತಾರೆ.

(ಅಡಿಕೆ ಸೋಗೆಗೆ ಬರುವ ಎಲೆಚುಕ್ಕೆ ರೋಗದ ಬಗ್ಗೆ ಇಲ್ಲಿ ಬರೆಯುವುದಿಲ್ಲ. ನಮ್ಮ ಕಡೆ ಅದರ ಮಾತು ತೆಗೆದರೆ ಊಟ ಸೇರುವುದಿಲ್ಲ.)

ಉಳಿದ ದಿನಚರಿ ಕೇಳುವವರಿಗೆ: ನಾನು ಇನ್ನೂ ಇಬ್ಬರಿಗೆ ಲೆಕ್ಕಪತ್ರ ನೋಡಿಕೊಡುತ್ತೇನೆ, ಮನೆಯಿಂದಲೇ. ಗಾಳಿಗೆ ಮರ ಬಿದ್ದರೆ ತಂತಿಯೂ ಕೇಬಲ್ಲೂ ಒಟ್ಟಿಗೇ ಹರಿಯುತ್ತವೆ. ಒಂದು ಸಲ ಕರೆಂಟ್ ಐದು ದಿನ ಇರಲಿಲ್ಲ. ಲೈನ್‌ಮನ್‌ಗೆ ಬೈಯೋಣ ಅಂದರೆ ಅವನು ನಮ್ಮ ಕಣ್ಣೆದುರೇ ಸುರಿವ ಮಳೆಯಲ್ಲಿ ಕಂಬ ಹತ್ತಿದ್ದ, ಕಾಲಿಗೆ ಮೂರು ಉಂಬಳ, ಅಂದರೆ ಜಿಗಣೆ, ಕಚ್ಚಿಕೊಂಡಿದ್ದವು. ಕಾಫಿ ಕೊಟ್ಟು ಕಳಿಸಿದೆವು. ಅಂಥ ದಿನ ಕೊಡೆ ಹಿಡಿದು ಗುಡ್ಡ ಹತ್ತಿದರೆ ನೇರಲೆ ಮರದ ಬುಡದಲ್ಲಿ ಎರಡು ಕಡ್ಡಿ ಸಿಗ್ನಲ್ ಸಿಗುತ್ತದೆ. ಜಿಎಸ್‌ಟಿ ರಿಟರ್ನ್ ಅಲ್ಲಿ ನಿಂತು ಕಳಿಸಿದ್ದೂ ಇದೆ.

ಬೆಳಿಗ್ಗೆ ಎಂಟೂವರೆಗೆ ಮಳೆ ಅಳೆಯುವುದು ನನ್ನ ಕೆಲಸ. ಬೇಲಿ ಪಕ್ಕದ ಕಂಬಕ್ಕೆ ಮಾಪಕ ಕಟ್ಟಿದ್ದೇನೆ. ಅದರೊಳಗೆ ಆಗಾಗ ಒಂದು ಕಪ್ಪೆಮರಿ ಕೂತಿರುತ್ತದೆ. ಅದನ್ನು ತೆಗೆದು ಅಳೆಯಬೇಕಾ, ಇಟ್ಟೇ ಅಳೆಯಬೇಕಾ ಅಂತ ತಮ್ಮನಿಗೂ ನನಗೂ ಇನ್ನೂ ತೀರ್ಮಾನವಾಗಿಲ್ಲ. ಅಳತೆಯನ್ನು ಊರಿನ ವಾಟ್ಸಾಪ್ ಗುಂಪಿಗೆ ಹಾಕುತ್ತೇನೆ. ಬೇರೆಯವರೂ ತಮ್ಮ ತಮ್ಮ ಮನೆಯದನ್ನು ಹಾಕುತ್ತಾರೆ. ನಮ್ಮ ಮನೆಗೂ ಕೆಳಮನೆಗೂ ನಡುವೆ ಒಂದೇ ಗುಡ್ಡ, ಆದರೂ ಅಳತೆ ಒಂದೇ ಇರುವುದಿಲ್ಲ. ಜೋರಾದ ದಿನ ಪೇಟೆಯವರು ತುಂಗೆಯ ನಡುವಿನ ರಾಮಮಂಟಪದ ಫೋಟೊ ಹಾಕುತ್ತಾರೆ. ಮಂಟಪ ಮುಳುಗಿತು ಅಂದರೆ ಆಯಿತು, ಆವತ್ತಿನ ಮಿಲಿಮೀಟರ್ ಲೆಕ್ಕ ಯಾರಿಗೂ ಬೇಡ. ಆ ದಿನ ಕಳಲೆ ಪಲ್ಯ ಇದ್ದರೆ ಇನ್ನೊಂದು ತುತ್ತು ಜಾಸ್ತಿ ಇಳಿಯುತ್ತದೆ.

ಬೇಜಾರು ಬರುವುದಿಲ್ಲ ಅಂತ ಸುಳ್ಳು ಹೇಳುವುದಿಲ್ಲ. ಪುನರ್ವಸುವಿನ ಹತ್ತನೇ ದಿನ, ಮಧ್ಯಾಹ್ನ ಮೂರಕ್ಕೇ ದೀಪ ಹಚ್ಚಬೇಕಾದ ಕತ್ತಲಲ್ಲಿ, ಗೋಡೆ ಬೆವರುತ್ತಿರುವಾಗ, ಬೆಂಗಳೂರಿನ ಯಾವುದಾದರೂ ದರ್ಶಿನಿಯ ಮುಂದೆ ಬಿಸಿಲಿಗೆ ನಿಂತು ಕಾಫಿ ಕುಡಿಯಬೇಕು ಅನ್ನಿಸುತ್ತದೆ. ಚಪ್ಪಲಿ, ಬೆಲ್ಟು, ಅಪ್ಪನ ಫೋಟೊದ ಚೌಕಟ್ಟು ಎಲ್ಲದಕ್ಕೂ ಬೂಷ್ಟು. ಆದರೆ ಬೇಜಾರು ಮಾಡಿಕೊಂಡು ಸುಮ್ಮನೆ ಕೂರಲು ಈ ಊರು ಬಿಡುವುದಿಲ್ಲ. ಬೇಜಾರಿನ ಅರ್ಧಕ್ಕೆ ಹೊಳವಾಗಿಬಿಡುತ್ತದೆ.

ಈ ಪ್ರಶ್ನೆಯನ್ನು ಎಲ್ಲರಿಗಿಂತ ಹೆಚ್ಚು ಸಲ ಕೇಳಿದ ಗೆಳತಿ ಕಳೆದ ಜುಲೈಯಲ್ಲಿ ನೋಡಿಯೇಬಿಡುತ್ತೇನೆ ಅಂತ ಬಂದಳು, ಮೂರು ದಿನಕ್ಕೆ. ಜೋಗ, ಕುಂದಾದ್ರಿ, ಆಗುಂಬೆಯ ಸೂರ್ಯಾಸ್ತ ಅಂತ ಪಟ್ಟಿ ಮಾಡಿಕೊಂಡಿದ್ದಳು. ಜುಲೈಯಲ್ಲಿ ಆಗುಂಬೆಯಲ್ಲಿ ಸೂರ್ಯಾಸ್ತ! ಅಮ್ಮ ಮುಖ ಆ ಕಡೆ ತಿರುಗಿಸಿ ನಕ್ಕಳು. ಮೊದಲ ದಿನ ಕಿಟಕಿ ಪಕ್ಕ ಕೂತು ವಿಡಿಯೊ ಮಾಡಿದಳು. ಎರಡನೇ ದಿನ ಬಚ್ಚಲೊಲೆ ಮುಂದೆ ಕೂತು ಹಲಸಿನ ಬೀಜ ಸುಟ್ಟು ತಿಂದಳು. ಮೂರನೇ ದಿನ ಸಂಜೆ ಹೊಳವಾಯಿತು. ಅಮ್ಮ ಕೂಗುವುದಕ್ಕೂ ಮೊದಲೇ ಇವಳು ಎದ್ದು ನನ್ನ ಬೂಟು ಹಾಕಿಕೊಂಡು ಅಂಗಳಕ್ಕಿಳಿದಿದ್ದಳು. ದಬ್ಬೆ ಬಿಟ್ಟು ಪಾಚಿಯ ಮೇಲೆ ಕಾಲಿಟ್ಟಳು, ಧಡಾರನೆ ಬಿದ್ದಳು. ಏನೂ ಆಗಲಿಲ್ಲ, ಜೀನ್ಸ್ ಮಾತ್ರ ಕೆಸರು.

ಆ ಜೀನ್ಸ್ ಒಣಗಿದ್ದು ಅವಳು ಹೋಗಿ ಐದನೇ ದಿನಕ್ಕೆ, ಅದೂ ಬಚ್ಚಲೊಲೆಯ ಮೇಲಿನ ಗಳದಲ್ಲಿ ಹೊಗೆ ಕುಡಿದು. ಹೊಳ ನೋಡಿ ಪೇಟೆಗೆ ಹೋಗಿ ಕೊರಿಯರ್ ಮಾಡಿದೆ. ತಲುಪಿದ ದಿನ ಫೋನ್ ಮಾಡಿದಳು. ಲಕೋಟೆ ಒಡೆದ ಕೂಡಲೇ ಫ್ಲಾಟ್ ತುಂಬ ಹೊಗೆ ವಾಸನೆಯಂತೆ, ಮೂರು ಸಲ ಒಗೆದರೂ ಹೋಗಲಿಲ್ಲವಂತೆ. ಬೈದು ಮುಗಿಸಿ, "ಅಲ್ಲಿ ಈಗ ಹೊಳ ಉಂಟಾ?" ಅಂದಳು.